ಕೊಸರು

ಕೊಸರು ಎಂಬ ಮಾತನ್ನು ದಿಲ್ಲಿಯಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ಕೇಳಿಲ್ಲ. ಹಿರಿಯರಿಗೆ ವಿವರಿಸಬೇಕಾದ್ದಿಲ್ಲ. ಊರಿನ ಸಂತೆಯಲ್ಲಿ ತರಕಾರಿಯವಳು ತೂಗಿ ಕೊಟ್ಟಮೇಲೆ, ನಾವು ಚೀಲದ ಬಾಯಿ ಮುಚ್ಚುವ ಮುಂಚೆ, ಒಂದು ಹಿಡಿ ಕೊತ್ತಂಬರಿಯನ್ನೋ ನಾಲ್ಕು ಹಸಿಮೆಣಸಿನಕಾಯಿಯನ್ನೋ ಸುಮ್ಮನೆ ಮೇಲೆ ಹಾಕುತ್ತಿದ್ದಳಲ್ಲ, ಅದು ಕೊಸರು. ಅದಕ್ಕೆ ಬೆಲೆಯಿಲ್ಲ, ಲೆಕ್ಕವೂ ಇಲ್ಲ. ದಾರಿಹೋಕನಿಗೆ ಅದು ಸಿಕ್ಕುತ್ತಿದ್ದುದು ಅಪರೂಪ. ವಾರವಾರವೂ ಬರುವ ಹಳೆಯ ಗಿರಾಕಿಗೆ ಮಾತ್ರ ತಪ್ಪುತ್ತಿರಲಿಲ್ಲ. ಕೇಳಿ ಪಡೆಯುವುದೂ ಉಂಟು. ಹಾಗೆ ಕೇಳುವಾಗ ನಡೆಯುವ ಎಳೆದಾಟದಿಂದಲೇ ಕೊಸರಾಟ ಎಂಬ ಮಾತು ಬಂದಿತೋ ಏನೋ, ಪಂಡಿತರು ಹೇಳಬೇಕು.

ಈ ಹಳೆಯ ಮಾತು ನಮಗೆ ಮತ್ತೆ ನೆನಪಾದದ್ದು ಒಂದು ಸಾಫ್ಟ್‌ವೇರಿನ ಬಿಲ್ಲನ್ನು ನೋಡಿ. ಎಲ್ಲಿಯ ಕೊಸರು, ಎಲ್ಲಿಯ ಸಾಫ್ಟ್‌ವೇರು ಎಂದು ವಾಚಕರು ಹುಬ್ಬೇರಿಸಬಹುದು. ಸ್ವಲ್ಪ ತಾಳ್ಮೆಯಿಂದ ಕೇಳಬೇಕೆಂದು ಪ್ರಾರ್ಥನೆ.

ಮೊದಲು ನಮ್ಮ ಪರಿಚಯ. ನಾವು ಎಂದರೆ ಗಂಡಹೆಂಡಿರಿಬ್ಬರು. ಈ ಬರಹವನ್ನು ಒಬ್ಬರು ಬರೆದರು, ಇನ್ನೊಬ್ಬರು ತಿದ್ದಿದರು. ಆದ್ದರಿಂದ ತಪ್ಪುಗಳೇನಿದ್ದರೂ ಇಬ್ಬರಿಗೂ ಸಮಪಾಲು. ಒಬ್ಬರು ದೊಡ್ಡಬಳ್ಳಾಪುರದ ಕಡೆಯವರು, ಇನ್ನೊಬ್ಬರು ಧಾರವಾಡದವರು. ಒಬ್ಬರಿಗೆ ಚೌಕಾಸಿ ಹುಟ್ಟುಗುಣ. ಸರೋಜಿನಿ ನಗರದ ಮಾರುಕಟ್ಟೆಯಲ್ಲಿ ಎಂಟುನೂರು ಹೇಳಿದ್ದನ್ನು ಮುನ್ನೂರಕ್ಕೆ ಇಳಿಸಿ, ಅಲ್ಲಿಂದಲೂ ಹತ್ತು ಹೆಜ್ಜೆ ನಡೆದು, ಹಿಂದಿನಿಂದ ಕೂಗಿ ಕರೆಯುವವರೆಗೆ ತಿರುಗಿ ನೋಡದವರು. ಇನ್ನೊಬ್ಬರಿಗೆ ಬೆಲೆ ಕಡಿಮೆ ಮಾಡಿ ಎಂದು ಕೇಳುವುದೆಂದರೆ ಮೈಯೆಲ್ಲ ಮುದುಡುತ್ತದೆ. ಯಾರು ಯಾವವರೆಂದು ಹೇಳಿ ಮನೆಯ ಶಾಂತಿಯನ್ನು ಕೆಡಿಸಿಕೊಳ್ಳುವುದಿಲ್ಲ.

ಓಖ್ಲಾ ಕೈಗಾರಿಕಾ ಪ್ರದೇಶದ ಒಂದು ಮಹಡಿಯ ಮೇಲೆ ನಮ್ಮ ಸಣ್ಣ ಕಾರ್ಯಾಲಯವಿದೆ. ತಕ್ಕಡಿಗಳನ್ನು ರಿಪೇರಿ ಮಾಡುವುದು, ಸರಿಯಾಗಿಟ್ಟುಕೊಳ್ಳುವುದು ನಮ್ಮ ಕಸಬು. ಮಿಠಾಯಿ ಅಂಗಡಿಯವರು, ಚಿನ್ನದವರು, ಧಾನ್ಯದ ಗೋದಾಮಿನವರು, ಎಲ್ಲರೂ ನಮ್ಮ ಗಿರಾಕಿಗಳು. 2009ರ ಕಾನೂನು ಮಾಪನಶಾಸ್ತ್ರ ಕಾಯಿದೆಯ ಪ್ರಕಾರ, ವ್ಯಾಪಾರದಲ್ಲಿ ಬಳಸುವ ತಕ್ಕಡಿಯನ್ನು ಕಾಲಕಾಲಕ್ಕೆ ಸರ್ಕಾರದವರಿಂದ ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸಬೇಕು. ಯಾವ ಅಂಗಡಿಯ ಯಾವ ತಕ್ಕಡಿಗೆ ಯಾವ ದಿನ ಮುದ್ರೆಯ ಅವಧಿ ತೀರುತ್ತದೆ ಎಂಬ ಪಟ್ಟಿಯೇ ನಮ್ಮ ವ್ಯಾಪಾರದ ಜೀವ. ಹಿಂದೆ ಅದೆಲ್ಲ ಕೆಂಪು ಬಟ್ಟೆಯ ಹೊದಿಕೆಯ ಉದ್ದನೆಯ ಲೆಕ್ಕದ ಪುಸ್ತಕದಲ್ಲಿರುತ್ತಿತ್ತು. 2019ರಲ್ಲಿ ಮಗಳ ಒತ್ತಾಯಕ್ಕೆ ಮಣಿದು ಎಲ್ಲವನ್ನೂ ಒಂದು ಸಾಫ್ಟ್‌ವೇರಿಗೆ ಏರಿಸಿದೆವು. ಗಿರಾಕಿಯ ಹೆಸರು, ತಕ್ಕಡಿಯ ಸಂಖ್ಯೆ, ಹುಡುಗರ ಓಡಾಟ, ಬಿಲ್ಲು, ಬಾಕಿ, ಎಲ್ಲವೂ ಅದರೊಳಗೆ. ಕೆಲಸ ಹಗುರವಾಯಿತು, ಸುಳ್ಳು ಹೇಳಬಾರದು.

ಆದರೆ ಈ ವಸ್ತುವನ್ನು ಕೊಳ್ಳುವಂತಿಲ್ಲ, ಚಂದಾ ಕಟ್ಟಬೇಕು. ಚಂದಾ ಎಂದರೆ ನಮ್ಮ ಓದುಗರಿಗೆ ಗೊತ್ತು. ಈ ಪತ್ರಿಕೆಗೂ ಕಟ್ಟುತ್ತೀರಿ. ಎರಡಕ್ಕೂ ಒಂದು ವ್ಯತ್ಯಾಸವುಂಟು. ಪತ್ರಿಕೆಯ ಚಂದಾ ನಿಲ್ಲಿಸಿದರೆ ಹೊಸ ಸಂಚಿಕೆ ಬರುವುದಿಲ್ಲ, ಅಷ್ಟೆ. ಹಳೆಯ ಸಂಚಿಕೆಗಳು ಕಪಾಟಿನಲ್ಲೇ ಇರುತ್ತವೆ. ಸಾಫ್ಟ್‌ವೇರಿನ ಚಂದಾ ನಿಲ್ಲಿಸಿದರೆ ಕಪಾಟಿಗೇ ಬೀಗ ಬೀಳುತ್ತದೆ. ಒಳಗಿರುವ ಕಾಗದಗಳು ನಮ್ಮವು, ಬೀಗದಕೈ ಅವರದು.

ಮೊದಲು ಹೀಗಿರಲಿಲ್ಲ. ನೆಹರೂ ಪ್ಲೇಸಿಗೆ ಹೋಗಿ ಡಬ್ಬಿಯಲ್ಲಿಟ್ಟ ತಟ್ಟೆಯನ್ನು ಒಂದೇ ಸಲ ದುಡ್ಡು ಕೊಟ್ಟು ತಂದರೆ, ಗಣಕಯಂತ್ರ ಸಾಯುವವರೆಗೂ ಅದು ನಮ್ಮದಾಗಿತ್ತು. ಮೈಕ್ರೋಸಾಫ್ಟಿನವರು 2011ರಲ್ಲಿ ಆಫೀಸ್ 365 ಎಂಬ ಚಂದಾ ಪದ್ಧತಿಯನ್ನು ತಂದರು. ಅಡೋಬಿಯವರು 2013ರಲ್ಲಿ, ಇನ್ನು ಮುಂದಿನ ಹೊಸ ಆವೃತ್ತಿಗಳು ಬಹುಮಟ್ಟಿಗೆ ಚಂದಾದಾರರಿಗೆ ಮಾತ್ರ ಎಂದು ಸಾರಿದರು. ಕಟ್ಟಡಗಳ ನಕ್ಷೆ ಬರೆಯುವ ಆಟೋಕ್ಯಾಡಿನ ಒಡೆಯರಾದ ಆಟೋಡೆಸ್ಕಿನವರು 2016ರಲ್ಲಿ ಶಾಶ್ವತ ಪರವಾನಗಿಯ ಹೊಸ ಮಾರಾಟವನ್ನು ನಿಲ್ಲಿಸಿದರು. 2023ರ ನವೆಂಬರಿನಲ್ಲಿ ವಿಎಂವೇರ್ ಎಂಬ ದೊಡ್ಡ ಕಂಪನಿಯನ್ನು ಕೊಂಡ ಬ್ರಾಡ್‌ಕಾಮಿನವರು ಮುಂದಿನ ತಿಂಗಳೇ ಅದರ ಶಾಶ್ವತ ಪರವಾನಗಿಗಳ ಮಾರಾಟಕ್ಕೆ ಮಂಗಳ ಹಾಡಿದರು. ಒಮ್ಮೆ ಎಲ್ಲರೂ ಚಂದಾದಾರರಾದ ಮೇಲೆ ದರ ಏರಿಸುವುದು ಕಷ್ಟವೆ? ಮೈಕ್ರೋಸಾಫ್ಟಿನ ಒಂದು ಅಗ್ಗದ ವ್ಯಾಪಾರೀ ಚಂದಾ ತಲೆಗೆ ತಿಂಗಳಿಗೆ 5 ಡಾಲರಿದ್ದದ್ದು 2022ರ ಮಾರ್ಚಿಯಿಂದ 6 ಡಾಲರಾಯಿತು.

ಮಾರುವವರ ಕಡೆಗೂ ನ್ಯಾಯವಿಲ್ಲದೆ ಇಲ್ಲ. ಸಾಫ್ಟ್‌ವೇರು ಒಂದು ಸಲ ಕಟ್ಟಿ ಬಿಟ್ಟ ಗೋಡೆಯಲ್ಲ. ಕಳ್ಳರು ನುಗ್ಗದಂತೆ ದಿನವೂ ಕಾಯಬೇಕು, ಸರ್ಕಾರ ತೆರಿಗೆಯ ನಮೂನೆ ಬದಲಿಸಿದಾಗಲೆಲ್ಲ ತಿದ್ದಬೇಕು. ಸಣ್ಣವರಿಗೂ ಇದರಿಂದ ಒಂದು ಅನುಕೂಲವಾಯಿತು: ಲಕ್ಷಗಟ್ಟಲೆ ಒಮ್ಮೆಗೇ ಸುರಿಯದೆ ತಿಂಗಳಿಗಿಷ್ಟೆಂದು ಕೊಟ್ಟು ದೊಡ್ಡವರ ಸೌಕರ್ಯವನ್ನೇ ಪಡೆದೆವು. ವರ್ಷಕ್ಕೊಮ್ಮೆ ಚಂದಾ ನವೀಕರಿಸುವ ದಿನ ಬರುವವರೆಗೆ ಎಲ್ಲವೂ ಚೆನ್ನಾಗಿಯೇ ಇರುತ್ತದೆ.

ನಮ್ಮ ನವೀಕರಣದ ದಿನ ಡಿಸೆಂಬರ್ 1. 2019ರಲ್ಲಿ ತಲೆಗೆ ತಿಂಗಳಿಗೆ 600 ರೂಪಾಯಿ ಇದ್ದದ್ದು ವರ್ಷವರ್ಷವೂ ಇಷ್ಟಿಷ್ಟೇ ಏರಿ 2024ಕ್ಕೆ 900 ಆಗಿತ್ತು. ಹದಿನಾಲ್ಕು ತಲೆಗಳಿಗೆ ಕಟ್ಟುತ್ತಿದ್ದೆವು. ಆ ವರ್ಷ ಮೂವರು ಹುಡುಗರು ಬೇರೆ ಕಡೆ ಕೆಲಸ ಸಿಕ್ಕಿ ಹೋಗಿದ್ದರಿಂದ, ಹನ್ನೊಂದು ಸಾಕೆಂದು ನವೆಂಬರಿನಲ್ಲಿ ಬರೆದೆವು. ಉತ್ತರ ಬಹಳ ವಿನಯದಿಂದ ಬಂತು. ಕರಾರಿನ ಏಳನೆಯ ಪುಟವನ್ನು ದಯವಿಟ್ಟು ನೋಡಬೇಕು. ಅವಧಿ ಮುಗಿಯುವುದಕ್ಕೆ 60 ದಿನ ಮೊದಲು ತಿಳಿಸದಿದ್ದರೆ ಚಂದಾ ಇದ್ದಂತೆಯೇ ತಾನಾಗಿ ಇನ್ನೊಂದು ವರ್ಷ ಮುಂದುವರಿಯುತ್ತದೆ. ನೋಡಿದೆವು. ಇತ್ತು. ಇರುವೆಯಂಥ ಅಕ್ಷರದಲ್ಲಿ ಇತ್ತು. ಕಾರ್ಯಾಲಯದಲ್ಲಿ ಇಲ್ಲದ ಮೂವರಿಗಾಗಿ ಆ ವರ್ಷ 32,400 ರೂಪಾಯಿ ಕಟ್ಟಿದೆವು.

ಕಾರ್ಡಿನಿಂದ ತಾನಾಗಿ ದುಡ್ಡು ಎಳೆಯುವುದಕ್ಕೆ ರಿಸರ್ವ್ ಬ್ಯಾಂಕಿನವರು ತಡೆ ಹಾಕಿದ್ದಾರಲ್ಲ ಎಂದು ಯಾರಾದರೂ ಕೇಳಬಹುದು. ನಿಜ. 2021ರ ಅಕ್ಟೋಬರ್ 1ರಿಂದ, ಹಾಗೆ ಎಳೆಯುವ 24 ಗಂಟೆ ಮೊದಲು ತಿಳಿಸಬೇಕು. 5,000 ರೂಪಾಯಿ ಮೀರಿದರೆ ಪ್ರತಿಸಲವೂ ನಮ್ಮ ಒಪ್ಪಿಗೆ ಬೇಕು. ಆ ಮಿತಿಯನ್ನು 2022ರ ಜೂನಿನಲ್ಲಿ 15,000ಕ್ಕೆ ಏರಿಸಿದರು. ಆದರೆ ಬ್ಯಾಂಕು ಹಣವನ್ನು ತಡೆದೀತೇ ಹೊರತು ನಾವೇ ಸಹಿ ಮಾಡಿದ ಕರಾರನ್ನು ತಡೆಯಲಾರದು. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದವರು ಹದಿಮೂರು ಬಗೆಯ ವ್ಯಾಪಾರದ ಕಪಟಗಳನ್ನು ಪಟ್ಟಿಮಾಡಿ ನಿಷೇಧಿಸಿದಾಗ, ಚಂದಾದಾರನು ಹೊರಬರಲಾಗದಂತೆ ಹೆಣೆಯುವ ಬಲೆಯನ್ನೂ ಅದರಲ್ಲಿ ಸೇರಿಸಿದರು. ಅದು ಮುಖ್ಯವಾಗಿ ಮನೆಬಳಕೆಯ ಗ್ರಾಹಕನನ್ನು ಕಾಯುವ ಕಾಯಿದೆ. ವ್ಯಾಪಾರಕ್ಕೆಂದು ಕೊಂಡವನಿಗೆ ಅದರ ನೆರಳು ಸುಲಭವಾಗಿ ಸಿಗುವುದಿಲ್ಲ. ವ್ಯಾಪಾರಿಗೆ ತನ್ನ ಕಣ್ಣೇ ಕಾವಲು.

ಹೀಗಿರಲು 2025ರ ಆಗಸ್ಟಿನಲ್ಲಿ, ಗಣೇಶನ ಹಬ್ಬದ ವಾರ, ಕಡುಬಿಗೆ ಹಿಟ್ಟು ನಾದುತ್ತಿದ್ದಾಗಲೇ ಕಂಪನಿಯ ಪತ್ರ ಬಂತು. ಹೊಸ ದರ ತಲೆಗೆ 1,240 ರೂಪಾಯಿ. ನೂರಕ್ಕೆ ಮೂವತ್ತೆಂಟರಷ್ಟು ಏರಿಕೆ! ಹದಿನಾಲ್ಕು ತಲೆಗೆ ವರ್ಷಕ್ಕೆ 1,51,200 ಇದ್ದದ್ದು 2,08,320 ಆಗುತ್ತಿತ್ತು. ಅದರ ಮೇಲೆ ನೂರಕ್ಕೆ ಹದಿನೆಂಟರ ಜಿ.ಎಸ್.ಟಿ. ಬೇರೆ. ಏರಿಕೆಯ ಕಾರಣ, ಸಾಫ್ಟ್‌ವೇರಿಗೆ ಹೊಸದಾಗಿ ಕೃತಕ ಬುದ್ಧಿಮತ್ತೆಯನ್ನು ಸೇರಿಸಿದ್ದಾರಂತೆ. ನಾವು ಕೇಳಿರಲಿಲ್ಲ.

ದೊಡ್ಡ ಕಂಪನಿಗಳಿಗೆ 57,120 ರೂಪಾಯಿ ಎಲೆಯಡಿಕೆಯ ಖರ್ಚು. ನಮಗೆ ಹಾಗಲ್ಲ. ಆ ದೀಪಾವಳಿಯಿಂದ ನಮ್ಮ ಇಬ್ಬರು ಹುಡುಗರಿಗೆ ತಿಂಗಳಿಗೆ ಎರಡೆರಡು ಸಾವಿರ ಸಂಬಳ ಹೆಚ್ಚಿಸುತ್ತೇವೆಂದು ಮಾತು ಕೊಟ್ಟಿದ್ದೆವು. ಒಬ್ಬನ ಮನೆಯಲ್ಲಿ ತೊಟ್ಟಿಲು ಕಟ್ಟಿದ್ದರು. ವರ್ಷಕ್ಕೆ 48,000 ಬೇಕಿತ್ತು. ಕಾಗದ ನೋಡಿದ ಮೇಲೆ ಇಬ್ಬರಿಗೂ ಅನಿಸಿದ್ದು ಒಂದೇ: ಹುಡುಗರ ಸಂಬಳ ಸಾಫ್ಟ್‌ವೇರಿನ ಬಾಯಿಗೆ ಹೋಯಿತು.

ನಮ್ಮಲ್ಲೊಬ್ಬರು ಆಗಲೇ ಸರೋಜಿನಿ ನಗರದ ಧಾಟಿಯಲ್ಲಿ, ಅರ್ಧಕ್ಕೆ ಕೊಟ್ಟರೆ ಕೊಡಿ ಇಲ್ಲದಿದ್ದರೆ ಬಿಡಿ ಎಂದು ಬರೆಯಲು ಕುಳಿತರು. ಇನ್ನೊಬ್ಬರು, ದರ ಅಚ್ಚಾಗಿ ಬಂದಿದೆ, ಕೇಳಿ ಮುಖ ಕೆಡಿಸಿಕೊಳ್ಳುವುದೇಕೆ, ಕಟ್ಟಿಬಿಡೋಣ ಎಂದರು. ಎರಡೂ ತಪ್ಪೆಂದು ಹೇಳಿದವರು ನೆಹರೂ ಪ್ಲೇಸಿನಲ್ಲಿ ಬಹಳ ವರ್ಷ ಗಣಕಯಂತ್ರಗಳ ವ್ಯಾಪಾರ ಮಾಡಿದ ಸ್ನೇಹಿತರೊಬ್ಬರು. ಅವರ ಮಾತು ಹೀಗಿತ್ತು: “ಬಿಸ್ಕತ್ತಿನ ಪೊಟ್ಟಣದ ಮೇಲೆ ಗರಿಷ್ಠ ಬೆಲೆ ಅಚ್ಚಾಗಿರುತ್ತದೆ. ಇದರ ಮೇಲೆ ಅಚ್ಚಾಗಿರುವುದು ಅವರ ಆಸೆ. ನಿಮ್ಮ ಪಕ್ಕದವನು ಎಷ್ಟು ಕೊಡುತ್ತಾನೆಂದು ನಿಮಗೆ ಗೊತ್ತಿಲ್ಲ. ನೀವು ಎಷ್ಟು ಕೊಡುತ್ತೀರೆಂದು ಅವನಿಗೆ ಗೊತ್ತಿಲ್ಲ. ಮೊದಲು ಮನೆಯೊಳಗೆ ಎಣಿಸಿ. ಆಮೇಲೆ ಬೀದಿಗೆ ಬನ್ನಿ.”

ದೊಡ್ಡಬಳ್ಳಾಪುರದ ಕಡೆಯವರಿಗೆ ಇದನ್ನು ಕೇಳಿ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ನೆನಪಾಯಿತು. ಅಲ್ಲಿ ಎತ್ತಿನ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೊಳ್ಳುವವನೂ ಮಾರುವವನೂ ಟವಲ್ಲಿನ ಕೆಳಗೆ ಕೈ ಸೇರಿಸಿ, ಬೆರಳು ಒತ್ತಿ ಬೆಲೆ ಹೇಳಿಕೊಳ್ಳುತ್ತಾರೆ. ಸುತ್ತ ನಿಂತವರಿಗೆ ಅವರ ಮುಖ ಮಾತ್ರ ಕಾಣುತ್ತದೆ. ನಮ್ಮ ಸಾಫ್ಟ್‌ವೇರಿನ ವ್ಯಾಪಾರವೂ ಟವಲ್ಲಿನ ಕೆಳಗಿನದೇ. ಜಾತ್ರೆಯಲ್ಲಾದರೋ ಕೈಗೆ ಇನ್ನೊಂದು ಕೈ ಸಿಗುತ್ತದೆ. ಅದು ನಡುಗಿತೆ, ಬೆವರಿತೆ ಎಂದು ತಿಳಿಯುತ್ತದೆ. ಇಲ್ಲಿ ಟವಲ್ಲಿನ ಕೆಳಗೆ ಕೈ ಚಾಚಿದರೆ ಸಿಕ್ಕುವುದು ಒಂದು ಮಿಂಚಂಚೆ.

ಮನೆಯೊಳಗೆ ಎಣಿಸಿದೆವು. ಹದಿನಾಲ್ಕು ತಲೆಗಳಲ್ಲಿ ಮೂರು, ಹೋದ ವರ್ಷ ಹೇಳಿದಂತೆ, ಇಲ್ಲದವರದು. ಉಳಿದ ಹನ್ನೊಂದರಲ್ಲಿ ಇಬ್ಬರು ದಿನದ ಪಟ್ಟಿಯನ್ನು ನೋಡುತ್ತಾರೆಯೇ ವಿನಾ ಒಳಗೆ ಏನನ್ನೂ ಬರೆಯುವುದಿಲ್ಲ. ನಿಜವಾಗಿ ಬೇಕಾದದ್ದು ಒಂಬತ್ತು. ಅಂದರೆ ದರವನ್ನು ಒಂದು ಕಾಸೂ ಇಳಿಸದೆ, ಬರೀ ಎಣಿಸಿದ್ದರಿಂದಲೇ ನಮ್ಮ ಖರ್ಚಿನ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಉಳಿಯುವುದಿತ್ತು. ಊರಿಗೆಲ್ಲ ತೂಕ ಸರಿಮಾಡಿಕೊಡುವ ನಾವು ನಮ್ಮದನ್ನೇ ಆರು ವರ್ಷ ತೂಗಿರಲಿಲ್ಲ.

ಎರಡನೆಯದಾಗಿ, ಕಪಾಟಿನೊಳಗಿನ ಕಾಗದಗಳನ್ನು ಹೊರಗೆ ತೆಗೆದಿಟ್ಟುಕೊಂಡೆವು. ಮೂರು ಸಂಜೆ ಮಗಳು ಕುಳಿತು ಗಿರಾಕಿಗಳ ಹೆಸರು, ತಕ್ಕಡಿಗಳ ಸಂಖ್ಯೆ, ಮುದ್ರೆಯ ದಿನಾಂಕಗಳನ್ನು ಸಾಮಾನ್ಯ ಪಟ್ಟಿಯಾಗಿ ಇಳಿಸಿಕೊಟ್ಟಳು. ಜಗಳವಾದ ಮೇಲೆ ಬೀಗದಕೈ ಕೇಳುವುದು ಜಾಣತನವಲ್ಲ. ಆ ಪಟ್ಟಿ ನಮ್ಮ ಪೆಟ್ಟಿಗೆಗೆ ಬಂದ ರಾತ್ರಿ ಇಬ್ಬರಿಗೂ ಒಳ್ಳೆಯ ನಿದ್ದೆ ಬಂತು. ಚೌಕಾಸಿಯ ಧೈರ್ಯ ನಾಲಿಗೆಯಲ್ಲಿರುತ್ತದೆಂದು ತಿಳಿದಿದ್ದೆವು. ಅದು ಎದ್ದು ಹೋಗಬಲ್ಲ ಕಾಲಿನಲ್ಲಿರುತ್ತದೆ.

ಮೂರನೆಯದಾಗಿ, ಎದ್ದು ಹೋದರೆ ಎಲ್ಲಿಗೆ ಎಂದು ನೋಡಿದೆವು. ನಮ್ಮ ದೇಶದಲ್ಲೇ ಆಯ್ಕೆಗಳಿಲ್ಲದೆ ಇಲ್ಲ. ಚೆನ್ನೈಯ ಜೋಹೊ ಸಂಸ್ಥೆ ಅನೇಕ ಬಗೆಯ ವ್ಯಾಪಾರೀ ಸಾಫ್ಟ್‌ವೇರುಗಳನ್ನು ಮಾಡುತ್ತದೆ. ನಮ್ಮ ಬೆಂಗಳೂರಿನ ಟ್ಯಾಲಿಯಲ್ಲಿ ಇಂದಿಗೂ ಶಾಶ್ವತ ಪರವಾನಗಿ ಕೊಳ್ಳಬಹುದು. ವರ್ಷದ ಸೇವೆಯನ್ನು ನವೀಕರಿಸದಿದ್ದರೆ ಹೊಸ ತಿದ್ದುಪಡಿಗಳು ನಿಲ್ಲುತ್ತವೆ, ಲೆಕ್ಕದ ಪುಸ್ತಕ ಮುಚ್ಚುವುದಿಲ್ಲ. ಪತ್ರ ಬರೆಯುವುದಕ್ಕೆ, ಪಟ್ಟಿ ಮಾಡುವುದಕ್ಕೆ ಲಿಬ್ರೆಆಫೀಸ್ ಪುಕ್ಕಟೆಯಾಗಿಯೇ ಸಿಕ್ಕುತ್ತದೆ. ನಮ್ಮ ಕಸಬಿಗೆ ಒಪ್ಪುವ ಬೇರೊಂದು ಸಾಫ್ಟ್‌ವೇರನ್ನು ಹದಿನೈದು ದಿನ ಪರೀಕ್ಷಿಸಿದೆವು. ಹುಡುಗರು ಮೂಗು ಮುರಿದರು. ಆದರೂ ಕೆಲಸ ನಡೆಯಬಹುದಾಗಿತ್ತು. ಅದರ ದರ ತಲೆಗೆ 950 ರೂಪಾಯಿ.

ಇಲ್ಲಿ ನಮ್ಮಿಬ್ಬರಿಗೂ ಒಂದು ಸಣ್ಣ ಜಗಳವಾಯಿತು. ಒಬ್ಬರು, 700ಕ್ಕೆ ಸಿಕ್ಕುತ್ತದೆಂದು ಬರೆಯೋಣ, ಅವರೇನು ನೋಡಲು ಬರುತ್ತಾರೆಯೇ ಎಂದರು. ಇನ್ನೊಬ್ಬರು ಒಪ್ಪಲಿಲ್ಲ. ಸುಳ್ಳು ಬೆಲೆ ಸುಳ್ಳು ತೂಕದ ತಮ್ಮ. ತಕ್ಕಡಿಯವರ ಮನೆಯಲ್ಲಿ ಅದು ಬೇಡ ಎಂದರು. 950 ಎಂದೇ ಬರೆದೆವು.

ಸೆಪ್ಟೆಂಬರಿನ ಮೊದಲ ವಾರದಲ್ಲಿ ಹೋದ ನಮ್ಮ ಪತ್ರದಲ್ಲಿ ಸಿಟ್ಟಿನ ಮಾತು ಒಂದೂ ಇರಲಿಲ್ಲ. ನಮಗೆ ಒಂಬತ್ತು ತಲೆ ಸಾಕು. ಬರೀ ನೋಡುವ ಇಬ್ಬರಿಗೆ ದುಡ್ಡು ಬೇಡ. ಹಳೆಯ ದರವೇ ಇರಲಿ. ಮುಂದಿನ ಏರಿಕೆಗೆ ಒಂದು ಮಿತಿ ಬರೆದು ಕೊಡಿ. ತಾನಾಗಿ ಮುಂದುವರಿಯುವ ಷರತ್ತನ್ನು ತೆಗೆಯಿರಿ. ಇಷ್ಟೆ. ನಾಲ್ಕು ದಿನಕ್ಕೆ ಉತ್ತರ ಬಂತು. ನೂರಕ್ಕೆ ಹದಿನೈದು ರಿಯಾಯಿತಿಯಂತೆ, ಆದರೆ ಹದಿನಾಲ್ಕು ತಲೆಗೂ ಮೂರು ವರ್ಷಕ್ಕೆ, ಅದೂ ಈ ವಾರದೊಳಗೆ ಸಹಿ ಮಾಡಿದರೆ ಮಾತ್ರ. ಹುಟ್ಟುಗುಣದವರು ಕಾಗದದ ಮೇಲೆ ಲೆಕ್ಕ ಹಾಕಿದರು. ರಿಯಾಯಿತಿ ಕಳೆದ ಮೇಲೂ ವರ್ಷಕ್ಕೆ 1,77,072, ಹಳೆಯದಕ್ಕಿಂತ ಹೆಚ್ಚೇ! ಯಾರೂ ಇನ್ನೂ ಕೊಡದ ಬೆಲೆಯಿಂದ ಕಳೆದು ತೋರಿಸುವ ರಿಯಾಯಿತಿ ಕನ್ನಡಿಯೊಳಗಿನ ಗಂಟು.

ಈ ಸಲ ಅರವತ್ತು ದಿನದ ಗಡುವು ಬೀಳುತ್ತಿದ್ದುದು ಅಕ್ಟೋಬರ್ 2ಕ್ಕೆ. ಅಂದೇ ವಿಜಯದಶಮಿ, ಅಂದೇ ಗಾಂಧಿ ಜಯಂತಿ. ರಜೆಯ ದಿನವನ್ನು ನಂಬಿ ಕೂರದೆ ಸೆಪ್ಟೆಂಬರ್ 24ಕ್ಕೇ, ಈಗಿನ ಷರತ್ತಿನಲ್ಲಿ ಚಂದಾ ಮುಂದುವರಿಸುವ ಇಚ್ಛೆಯಿಲ್ಲವೆಂದು ಬರೆದು ಕಳಿಸಿದೆವು. ಕಳಿಸಿದ ಮೇಲೆ ಕೇಳಲು ನಾಚುವವರಿಗೆ ಎದೆ ಡವಡವ ಎಂದಿತು. ಆಯುಧಪೂಜೆಯ ದಿನ ತಕ್ಕಡಿಗಳಿಗೂ ಗಣಕಯಂತ್ರಗಳಿಗೂ ಕುಂಕುಮವಿಟ್ಟು, ಇನ್ನೆರಡು ತಿಂಗಳಿಗೆ ಇದರೊಳಗಿನದು ಏನಾಗುತ್ತದೋ ಎಂದು ಕೈಮುಗಿದೆವು.

ದೀಪಾವಳಿ ಕಳೆಯುವವರೆಗೆ ಆ ಕಡೆಯಿಂದ ಸದ್ದಿಲ್ಲ. ಹುಡುಗರಿಗೆ ಕೊಟ್ಟ ಮಾತಿನಂತೆ ಸಂಬಳ ಹೆಚ್ಚಿಸಿಯೇಬಿಟ್ಟಿದ್ದೆವು. ನವೆಂಬರಿನಲ್ಲಿ ಗುರುಗ್ರಾಮದಿಂದ ಒಬ್ಬ ಹುಡುಗ ತಾನೇ ಬರುತ್ತೇನೆಂದು ಫೋನು ಮಾಡಿದ. ಕಂಪನಿಯ ಲೆಕ್ಕದ ವರ್ಷ ಡಿಸೆಂಬರ್ 31ಕ್ಕೆ ಮುಗಿಯುತ್ತದೆಂದು ನಮಗೆ ಸ್ನೇಹಿತರು ಮೊದಲೇ ಹೇಳಿದ್ದರು. ಮಾರುವವರಿಗೂ ವರ್ಷದ ಕೊನೆಯ ಪರೀಕ್ಷೆಯುಂಟು. ಮೈಕ್ರೋಸಾಫ್ಟಿನವರ ವರ್ಷ ಜೂನ್ 30ಕ್ಕೆ ಮುಗಿಯುತ್ತದೆ, ಆರೆಕಲ್ಲಿನವರದು ಮೇ 31ಕ್ಕೆ, ನಮ್ಮ ದೇಶದ ಕಂಪನಿಗಳದು ಸಾಮಾನ್ಯವಾಗಿ ಮಾರ್ಚಿ 31ಕ್ಕೆ. ಆ ದಿನ ಹತ್ತಿರ ಬಂದಂತೆ ಬಾಗಿಲುಗಳು ಸ್ವಲ್ಪ ಅಗಲವಾಗುತ್ತವೆ.

ಹುಡುಗ ಬಂದ. ಪಟ್ನಾ ಕಡೆಯವನು; ಗುರುಗ್ರಾಮದಲ್ಲಿ ನಾಲ್ವರು ಸೇರಿ ಒಂದು ಕೊಠಡಿ ಮಾಡಿಕೊಂಡಿದ್ದಾರೆ. ನಮ್ಮ ಹಾಗೆಯೇ ಊರು ಬಿಟ್ಟು ಬಂದವನು. ಕಾಫಿ ಕೊಟ್ಟೆವು, ಫಿಲ್ಟರ್ ಕಾಫಿ ಕುಡಿದು ಅವನ ಮುಖದ ಬಿಗಿ ಸಡಿಲವಾಯಿತು. ಎದುರು ಬದುರು ಕುಳಿತು ಮಾತಾಡಿದಾಗ ಕೇಳುವ ನಾಚಿಕೆಯೂ ಹೋಯಿತು. ಅವನಿಗೂ ಏನಾದರೂ ಕೊಡಬೇಕಷ್ಟೆ. ಬರೀ ಕಿತ್ತುಕೊಳ್ಳುವುದು ವ್ಯವಹಾರವಲ್ಲ. ಎರಡು ವರ್ಷಕ್ಕೆ ಒಪ್ಪುತ್ತೇವೆ, ಒಂದೊಂದು ವರ್ಷದ ಹಣವನ್ನು ಮೊದಲೇ ಕಟ್ಟುತ್ತೇವೆ, ಬೇರೆ ಗಿರಾಕಿ ಕೇಳಿದರೆ ನಿಮ್ಮ ಸಾಫ್ಟ್‌ವೇರು ಹೇಗಿದೆಯೆಂದು ಇದ್ದದ್ದನ್ನು ಹೇಳುತ್ತೇವೆ ಎಂದೆವು. ಅವನು ಎರಡು ಸಲ ಹೊರಗೆ ಹೋಗಿ ಮೇಲಿನವರೊಡನೆ ಮಾತಾಡಿ ಬಂದ. ಕೊನೆಗೆ ತಲೆಗೆ 990 ರೂಪಾಯಿಗೆ ನಿಂತಿತು. ಒಂಬತ್ತು ತಲೆ, ವರ್ಷಕ್ಕೆ 1,06,920. ನೋಡುವ ಇಬ್ಬರಿಗೆ ಪುಕ್ಕಟೆ. ಎರಡು ವರ್ಷ ಅದೇ ದರ, ಆಮೇಲೆ ವರ್ಷಕ್ಕೆ ನೂರಕ್ಕೆ ಐದು ಮೀರದಂತೆ. ತಾನಾಗಿ ಮುಂದುವರಿಯುವ ಷರತ್ತು ರದ್ದು. ತಲೆದರ ಏರಿತು, ಒಪ್ಪಿದೆವು. ಬೇರೆಯದು ನಲವತ್ತು ರೂಪಾಯಿ ಅಗ್ಗವಿತ್ತು. ಹುಡುಗರು ಹೊಸದನ್ನು ಕಲಿಯುವ ಪಾಡು ಅದಕ್ಕಿಂತ ಹೆಚ್ಚಿನದೆಂದು ಬಿಟ್ಟೆವು.

ಕಥೆ ಇಲ್ಲಿಗೆ ಮುಗಿದಿದ್ದರೆ ಈ ಬರಹದ ಅಗತ್ಯವಿರಲಿಲ್ಲ. ಹುಡುಗ ಹೊರಡುವಾಗ ಚಪ್ಪಲಿ ಮೆಟ್ಟುತ್ತ ಒಂದು ಮಾತು ಹೇಳಿದ. ನಮ್ಮಲ್ಲೊಬ್ಬರು, ಮೊದಲೇ ಈ ದರ ಕೊಟ್ಟಿದ್ದರೆ ಮೂರು ತಿಂಗಳ ಸಂಕಟ ತಪ್ಪುತ್ತಿತ್ತಲ್ಲಪ್ಪಾ ಎಂದು ಕೇಳಿದ್ದಕ್ಕೆ ಅವನು ನಕ್ಕು, “ಆಂಟೀಜಿ, ಕೇಳದವರಿಗೆ ನಾವಾಗಿ ಇಳಿಸುವುದಿಲ್ಲ. ಎಲ್ಲಕ್ಕಿಂತ ಹೆಚ್ಚು ಕೊಡುವವರು ನಮ್ಮ ಎಲ್ಲಕ್ಕಿಂತ ಹಳೆಯ ಗಿರಾಕಿಗಳೇ” ಎಂದ. (ಕೇಳಲು ನಾಚುವವರು ಯಾರೆಂದು ಈಗ ವಾಚಕರಿಗೆ ಗೊತ್ತಾಗಿರಬಹುದು, ಆಗದೆಯೂ ಇರಬಹುದು.)

ಅವನು ಹೋದ ಮೇಲೆ ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ. ಕಾರಣವಿಷ್ಟೆ. ನಾವೂ ಚಂದಾ ಮಾರುವವರೇ. ತಕ್ಕಡಿಗಳನ್ನು ವರ್ಷವಿಡೀ ನೋಡಿಕೊಳ್ಳುತ್ತೇವೆಂದು ಗಿರಾಕಿಗಳೊಡನೆ ವಾರ್ಷಿಕ ಕರಾರು ಮಾಡಿಕೊಳ್ಳುತ್ತೇವೆ. ವರ್ಷಕ್ಕೆ ನೂರಕ್ಕೆ ಹತ್ತು ಏರಿಸಿ ಬಿಲ್ಲು ಕಳಿಸುವುದು ವಾಡಿಕೆ. ಕೇಳಿದವರಿಗೆ ಇಳಿಸುತ್ತೇವೆ. ಕೇಳದವರಿಗೆ?

ಅದೇ ರಾತ್ರಿ ಮಗಳು ಇಳಿಸಿಕೊಟ್ಟಿದ್ದ ಪಟ್ಟಿಯನ್ನು ತೆರೆದೆವು. ಖಾರಿ ಬಾವಲಿಯ ಮಸಾಲೆ ಮಾರುಕಟ್ಟೆಯಲ್ಲಿ, ಫತೇಪುರಿ ಮಸೀದಿಯ ಹಿಂದಣ ಗಲ್ಲಿಯೊಂದರಲ್ಲಿ, ವಯಸ್ಸಾದ ಒಬ್ಬ ವ್ಯಾಪಾರಿಯಿದ್ದಾರೆ. ಎರಡು ತಕ್ಕಡಿ. 2011ರಲ್ಲಿ 2,000 ರೂಪಾಯಿಗೆ ಶುರುವಾದ ಕರಾರು. ಒಂದು ದಿನವೂ ಬೆಲೆ ಕೇಳಿದವರಲ್ಲ. ಬಿಲ್ಲು ಹೋದ ವಾರದೊಳಗೆ ಹಣ. ನೂರಕ್ಕೆ ಹತ್ತರಂತೆ ಬಡ್ಡಿಯ ಮೇಲೆ ಬಡ್ಡಿ ಬೆಳೆದ ಹಾಗೆ ಬೆಳೆದು 2025ಕ್ಕೆ ಅದು 7,595 ಆಗಿತ್ತು. ಅಂಥವೇ ಎರಡು ತಕ್ಕಡಿಗಳಿಗೆ, ನೊಯ್ಡಾದ ಒಂದು ದೊಡ್ಡ ಮಿಠಾಯಿ ಅಂಗಡಿಯ ವ್ಯವಸ್ಥಾಪಕ ಪ್ರತಿವರ್ಷವೂ ಜಗಳಾಡಿ 4,000 ಕೊಡುತ್ತಿದ್ದಾನೆ. ಅಂಥ ಹೆಸರುಗಳು ಇನ್ನೂ ಹನ್ನೆರಡು ಸಿಕ್ಕಿದವು. ಎಲ್ಲರೂ ಹಳಬರು, ಎಲ್ಲರೂ ಮಾತಾಡದವರು. ನಾವು ಯಾರಿಗೂ ಮೋಸ ಮಾಡಬೇಕೆಂದು ಮಾಡಿದ್ದಲ್ಲ. ಗಣಕಯಂತ್ರಕ್ಕೆ ಹತ್ತು ಎಂದು ಒಮ್ಮೆ ಹೇಳಿದ್ದೆವು. ಅದು ಏರಿಸುತ್ತಲೇ ಇತ್ತು. ಬಹುಶಃ ಆ ಸಾಫ್ಟ್‌ವೇರಿನ ಕಂಪನಿಯವರೂ ಹೀಗೆಯೇ ಹೇಳಿಯಾರು.

ಹದಿಮೂರು ಮಂದಿಗೂ ದರ ಇಳಿಸಿ ಪತ್ರ ಬರೆದೆವು. ಎಲ್ಲ ಸೇರಿ ವರ್ಷಕ್ಕೆ ಸುಮಾರು ನಲವತ್ತು ಸಾವಿರದಷ್ಟು ಕೈಬಿಟ್ಟಿತು. ಒಂದು ಕೈಯಲ್ಲಿ ಉಳಿಸಿದ್ದನ್ನು ಇನ್ನೊಂದು ಕೈಯಲ್ಲಿ ಕೊಟ್ಟಿರಲ್ಲ ಎಂದು ನೆಹರೂ ಪ್ಲೇಸಿನ ಸ್ನೇಹಿತರು ಹಾಸ್ಯ ಮಾಡಿದರು. ಮಾಡಲಿ. ಹುಡುಗರ ಸಂಬಳಕ್ಕೆ ತೊಂದರೆಯಾಗಲಿಲ್ಲ.

ಖಾರಿ ಬಾವಲಿಗೆ ಮಾತ್ರ ಪತ್ರ ಕಳಿಸದೆ ನಾವೇ ಹೋದೆವು. ಮೆಣಸಿನ ಘಾಟಿಗೆ ಸೀನುತ್ತ ಗಲ್ಲಿಯೊಳಗೆ ನುಗ್ಗಿ, ಹಳೆಯ ದರ ಹೆಚ್ಚಾಗಿತ್ತೆಂದೂ ಇನ್ನು 4,000 ಸಾಕೆಂದೂ, ಹೇಗೆ ಹೇಳಬೇಕೋ ತಿಳಿಯದೆ ಇಬ್ಬರೂ ಒಟ್ಟಿಗೆ ಹೇಳಿದೆವು. ಆ ವೃದ್ಧರು ಆಶ್ಚರ್ಯಪಡಲಿಲ್ಲ. “ಹೆಚ್ಚೆಂದು ಗೊತ್ತಿತ್ತು. ನಿಮಗೆ ಏನೋ ಕಷ್ಟವಿರಬೇಕೆಂದು ಸುಮ್ಮನಿದ್ದೆ” ಎಂದರು. ನಮಗೆ ತಲೆಯೆತ್ತಿ ನೋಡುವುದಾಗಲಿಲ್ಲ.

ಬರಿಗೈಯಲ್ಲಿ ಬರಬಾರದೆಂದು ಕಾಲು ಕಿಲೋ ಕರಿಮೆಣಸು ಕೇಳಿದೆವು. ನಮ್ಮ ಕೊಡಗಿನದೇ ಎಂದು ಹೇಳುತ್ತ, ನಾವೇ ಮುದ್ರೆ ಹಾಕಿಸಿಕೊಟ್ಟ ತಕ್ಕಡಿಯ ಮೇಲೆ ತೂಗಿದರು. ಕೆಂಪು ಅಂಕೆ 250ಕ್ಕೆ ಬಂದು ನಿಂತಿತು. ಪೊಟ್ಟಣ ಕಟ್ಟುವ ಮುಂಚೆ ಮೂಟೆಗೆ ಕೈ ಹಾಕಿ, ಮೂರು ಬೆರಳಿನಲ್ಲಿ ಒಂದಿಷ್ಟು ಎತ್ತಿ ಮೇಲೆ ಉದುರಿಸಿದರು. ಅಂಕೆ 258 ಆಯಿತು. ಹಣ ತೆಗೆದುಕೊಂಡದ್ದು 250ಕ್ಕೇ.